ಕ್ಲಬ್ ಹೋದರೆ ಹೋಗಲಿ ಅಂದ ವಿಂಬಲ್ಡನ್ ಜನ

ಒಂದು ಫುಟ್‌ಬಾಲ್ ಕ್ಲಬ್ಬನ್ನು ಅದರ ಊರಿಂದ ಎತ್ತಿ, ಸುಮಾರು 90 ಕಿಲೋಮೀಟರ್ ಆಚೆ ಬೇರೆ ಊರಲ್ಲಿ ಇಟ್ಟರೆ ಅದು ಅದೇ ಕ್ಲಬ್ಬಾ? 2002ರ ಮೇ 28ರಂದು ಇಂಗ್ಲೆಂಡಿನಲ್ಲಿ ಮೂವರ ಸಮಿತಿಯೊಂದು ಇದಕ್ಕೆ ಒಪ್ಪಿಗೆ ಕೊಟ್ಟಿತು. ಇಬ್ಬರು ಪರ, ಒಬ್ಬರು ವಿರೋಧ. ದಕ್ಷಿಣ ಲಂಡನ್ನಿನ ವಿಂಬಲ್ಡನ್ ಎಫ್‌ಸಿ ಗಂಟುಮೂಟೆ ಕಟ್ಟಿಕೊಂಡು ಮಿಲ್ಟನ್ ಕೀನ್ಸ್‌ಗೆ ಹೋಗಬಹುದು ಅಂತ. ಇಂಗ್ಲಿಷ್ ಫುಟ್‌ಬಾಲ್‌ನಲ್ಲಿ ಇದಕ್ಕಿಂತ ಕೆಟ್ಟ ತೀರ್ಮಾನ ನನಗಂತೂ ಕಾಣಿಸಿಲ್ಲ.

ಸಣ್ಣಪುಟ್ಟ ಕ್ಲಬ್ ಅಂದುಕೊಳ್ಳಬೇಡಿ. ಶುರುವಾಗಿದ್ದು 1889ರಲ್ಲಿ, ಪ್ಲೌ ಲೇನ್ ಮೈದಾನಕ್ಕೆ ಬಂದಿದ್ದು 1912ರಲ್ಲಿ. ಮೇಲಿನ ನಾಲ್ಕು ಹಂತಗಳ ಫುಟ್‌ಬಾಲ್ ಲೀಗಿಗೆ ಸೇರಿದ್ದೇ 1977ರಲ್ಲಿ, ಆದರೆ ಒಂಬತ್ತೇ ವರ್ಷಕ್ಕೆ ಮೊದಲ ಡಿವಿಷನ್‌ನಲ್ಲಿ, ಅಂದರೆ ಆಗಿನ ಅತಿ ಮೇಲಿನ ಹಂತದಲ್ಲಿದ್ದರು (ಈಗ ಅಲ್ಲಿರೋದು ಪ್ರೀಮಿಯರ್ ಲೀಗ್). ಚೆಂದದ ಆಟ ಏನಲ್ಲ, ಚೆಂಡನ್ನು ಉದ್ದಕ್ಕೆ ಒದಿ, ಹಿಂದೆ ಓಡು, ಅಡ್ಡ ಬಂದವರಿಗೆ ಡಿಕ್ಕಿ ಹೊಡಿ, ಅಷ್ಟೇ. ‘ಕ್ರೇಜಿ ಗ್ಯಾಂಗ್’ ಅಂತಲೇ ಹೆಸರು.

ಸೋತವರು ಹೊರಗೆ ಹೋಗುವ ಇಂಗ್ಲೆಂಡಿನ ದೊಡ್ಡ ಟೂರ್ನಿ ಎಫ್‌ಎ ಕಪ್. ಅದರ 1988ರ ಫೈನಲ್‌ನಲ್ಲಿ ಎದುರಿಗೆ ಲಿವರ್‌ಪೂಲ್, ಆ ವರ್ಷದ ಲೀಗ್ ಚಾಂಪಿಯನ್. 37ನೇ ನಿಮಿಷದಲ್ಲಿ ವಿಂಬಲ್ಡನ್‌ನ ಡೆನಿಸ್ ವೈಸ್ ಫ್ರೀ ಕಿಕ್ ಹೊಡೆದ, ಲಾರಿ ಸ್ಯಾಂಚೆಜ್ ತಲೆ ಕೊಟ್ಟ, ಗೋಲ್. ಎರಡನೇ ಅರ್ಧದಲ್ಲಿ ಲಿವರ್‌ಪೂಲ್‌ಗೆ ಪೆನಾಲ್ಟಿ ಸಿಕ್ಕಿತು. ಹೊಡೆಯೋಕೆ ಬಂದವನು ಜಾನ್ ಆಲ್ಡ್ರಿಜ್, ಆ ಸೀಸನ್‌ನಲ್ಲಿ ಒಂದೇ ಒಂದು ಪೆನಾಲ್ಟಿಯನ್ನೂ ಹಾಳು ಮಾಡದವನು. ಕ್ಯಾಪ್ಟನ್ ಕಮ್ ಗೋಲ್‌ಕೀಪರ್ ಡೇವ್ ಬೆಸೆಂಟ್ ಎಡಕ್ಕೆ ಹಾರಿ, ಕೈ ಚಾಚಿ ಚೆಂಡನ್ನು ಆಚೆ ತಳ್ಳಿಬಿಟ್ಟ. ವೆಂಬ್ಲಿಯ ಎಫ್‌ಎ ಕಪ್ ಫೈನಲ್‌ನಲ್ಲಿ ಯಾರೂ ಅದುವರೆಗೆ ಪೆನಾಲ್ಟಿ ತಡೆದಿರಲಿಲ್ಲ. 1-0, ಕಪ್ ವಿಂಬಲ್ಡನ್‌ಗೆ.

ಮೂರೇ ವರ್ಷಕ್ಕೆ ಮೈದಾನ ಹೋಯಿತು. ಸ್ಟೇಡಿಯಂ ತುಂಬ ಸೀಟು ಹಾಕಿಸಲೇಬೇಕು ಅನ್ನೋ ಹೊಸ ನಿಯಮಕ್ಕೆ ಹಳೇ ಪ್ಲೌ ಲೇನ್ ಹೊಂದಲ್ಲ ಅಂತ 1991ರಲ್ಲಿ ಕ್ರಿಸ್ಟಲ್ ಪ್ಯಾಲೇಸ್‌ನವರ ಸೆಲ್ಹರ್ಸ್ಟ್ ಪಾರ್ಕ್‌ನಲ್ಲಿ ಬಾಡಿಗೆಗೆ ಸೇರಿದರು. ಪ್ಲೌ ಲೇನ್ ಜಾಗ ಮಾರಾಟವಾಯಿತು. 2000ದಲ್ಲಿ ಪ್ರೀಮಿಯರ್ ಲೀಗಿನಿಂದಲೂ ಕೆಳಗೆ ಬಿದ್ದರು. ಆಮೇಲಿನದ್ದೇ ಮಿಲ್ಟನ್ ಕೀನ್ಸ್ ಕಥೆ.

ಅಭಿಮಾನಿಗಳು ಊರಲ್ಲೇ ಹೊಸ ಕ್ಲಬ್ ಕಟ್ಟೋದು ಫುಟ್‌ಬಾಲ್‌ನ ಹಿತಕ್ಕೆ ಒಳ್ಳೆಯದಲ್ಲ ಅಂತ ಬೇರೆ ಆ ಸಮಿತಿ ಬರೆದಿತ್ತು! ಅವರು ಕೇಳಬೇಕಲ್ಲ. ಒಂದು ತಿಂಗಳೊಳಗೆ ಎಎಫ್‌ಸಿ ವಿಂಬಲ್ಡನ್ ಹುಟ್ಟಿತು. ಕ್ಲಬ್ಬೇನೋ ಇತ್ತು, ಆಟಗಾರರೇ ಇರಲಿಲ್ಲ. ಜೂನ್ 29ರಂದು ವಿಂಬಲ್ಡನ್ ಕಾಮನ್ ಬಯಲಿನಲ್ಲಿ ಆಯ್ಕೆ ಇಟ್ಟರು, ಆಡೋಕೆ ಬರುತ್ತೆ ಅನ್ನೋ ಯಾರು ಬೇಕಾದರೂ ಬರಬಹುದು ಅಂತ. 230 ಜನ ಬಂದರು! ಅವರಲ್ಲಿ ಆರಿಸಿ ಟೀಮ್ ಮಾಡಿಕೊಂಡು ಒಂಬತ್ತನೇ ಹಂತದ ಲೀಗಿನಲ್ಲಿ ಇಳಿದರು. ಸುಮ್ನೆ ಹಟಕ್ಕೆ ಮಾಡಿದ್ದು ಅಂತ ನಕ್ಕವರೂ ಇದ್ದರು. ಆದರೆ ಆ ಮೊದಲ ಸೀಸನ್‌ನಲ್ಲೇ ಇವರ ಪಂದ್ಯಗಳಿಗೆ ಸರಾಸರಿ 3000 ಜನ ಬಂದರು, ಊರು ಬಿಡೋಕೆ ಕಾಯ್ತಿದ್ದ ಹಳೇ ಕ್ಲಬ್‌ಗಿಂತ ಜಾಸ್ತಿ.

ಆಮೇಲೆ 78 ಲೀಗ್ ಪಂದ್ಯ ಸೋಲೇ ಇಲ್ಲ, ಅದು ಇಂಗ್ಲೆಂಡಿನಲ್ಲಿ ದಾಖಲೆ. 2011ರಲ್ಲಿ ಲೂಟನ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು ಫುಟ್‌ಬಾಲ್ ಲೀಗಿಗೆ ಬಂದರು. ಇದಕ್ಕೂ ಒಂಬತ್ತೇ ವರ್ಷ, ನೋಡಿ.

ಮರುವರ್ಷ ಎಫ್‌ಎ ಕಪ್‌ನಲ್ಲಿ ಅತ್ತ ಹೋದ ಕ್ಲಬ್, ಅಂದರೆ ಈಗಿನ ಎಂಕೆ ಡಾನ್ಸ್, ಎದುರಾಯಿತು. ಕೊನೇ ಗಳಿಗೆಯಲ್ಲಿ ಜಾನ್ ಒಟ್ಸೆಮೊಬಾರ್ ಹಿಮ್ಮಡಿಯಿಂದ ತಟ್ಟಿದ ಗೋಲಿಗೆ ಇವರು 2-1ರಿಂದ ಸೋತರು. ಸಿನಿಮಾ ಆಗಿದ್ದರೆ ಇವರೇ ಗೆಲ್ಲಬೇಕಿತ್ತು, ಅಲ್ವಾ?

ಹಾಗಾದರೆ 1988ರ ಕಪ್ ಯಾರದು? ಕಾಗದದ ಪ್ರಕಾರ ಏನೇ ಇರಲಿ, 2007ರಲ್ಲಿ ಎಂಕೆ ಡಾನ್ಸ್‌ನವರೇ ಹಳೇ ಟ್ರೋಫಿಗಳನ್ನು ವಿಂಬಲ್ಡನ್ ಇರುವ ಮರ್ಟನ್ ಬರೋಗೆ ಒಪ್ಪಿಸಿದರು. ಮಿಲ್ಟನ್ ಕೀನ್ಸ್‌ನಲ್ಲಿ ಇವತ್ತು ಆ ಟೀಮಿಗೆ ಚಪ್ಪಾಳೆ ತಟ್ಟೋ ಹುಡುಗರ ತಪ್ಪೇನೂ ಇಲ್ಲ, ಅವರಿಗೆ ಅದೇ ಊರ ಟೀಮು. ಆದರೆ ಕಪ್ ಗೆದ್ದ ನೆನಪು ಅವರದ್ದಲ್ಲ.

ವಿಂಬಲ್ಡನ್ ಜನ 2020ರ ನವೆಂಬರ್‌ನಲ್ಲಿ ಪ್ಲೌ ಲೇನ್‌ಗೇ ವಾಪಸ್ ಬಂದರು, ಹಳೇ ಜಾಗದ ಪಕ್ಕದಲ್ಲೇ ಹೊಸ ಸ್ಟೇಡಿಯಂ. ಡಾನ್‌ಕಾಸ್ಟರ್ ಜೊತೆ 2-2, ಕೋವಿಡ್‌ನಿಂದ ಗ್ಯಾಲರಿ ಖಾಲಿ. 2025ರ ಮೇನಲ್ಲಿ ವೆಂಬ್ಲಿಯಲ್ಲಿ ವಾಲ್‌ಸಾಲ್ ತಂಡವನ್ನು 1-0 ಸೋಲಿಸಿ ಮೂರನೇ ಹಂತದ ಲೀಗ್ ಒನ್‌ಗೆ ಏರಿದರು. ಎಂಕೆ ಡಾನ್ಸ್ ಆ ವರ್ಷ ಅದರ ಕೆಳಗಿನ ಲೀಗ್ ಟೂನಲ್ಲೇ ಉಳಿಯಿತು. ನನಗೆ ಸ್ವಲ್ಪ ಖುಷಿಯೇ ಆಯಿತು ಬಿಡಿ.