‘ಅಮ್ಮಾ, ಎತ್ಕೋತೀನಿ’

ನನ್ನ ಮಗನಿಗೆ ಈಗ ಎರಡು ವರ್ಷ ಮೂರು ತಿಂಗಳು. ಕಾಲು ನೋವಾದಾಗ, ನಿದ್ದೆ ಬಂದಾಗ ಅಥವಾ ಬೀದಿನಾಯಿ ಕಂಡಾಗ ಅವನು ಎರಡೂ ಕೈ ಮೇಲೆ ಚಾಚಿ, ‘ಅಮ್ಮಾ, ಎತ್ಕೋತೀನಿ’ ಎನ್ನುತ್ತಾನೆ. ಮಂಡಿಯೆತ್ತರದ ಈ ಮಹಾಶಯ ನನ್ನನ್ನು ಎತ್ತಿಕೊಳ್ಳುತ್ತಾನಂತೆ ಎಂದು ಮೊದಮೊದಲು ಮನೆಮಂದಿಯೆಲ್ಲ ನಕ್ಕೆವು. ಆದರೆ ಅವನು ಅಳುತ್ತ ಬಂದಾಗಲೆಲ್ಲ ನಾನು ‘ಬಾ ಕಂದ, ಎತ್ಕೋತೀನಿ’ ಎಂದೇ ಹೇಳಿದ್ದೇನೆ, ಆ ಮಾತು ಕಿವಿಗೆ ಬಿದ್ದ ಮರುಕ್ಷಣವೇ ಅವನು ನನ್ನ ಸೊಂಟದ ಮೇಲಿರುತ್ತಿದ್ದ. ಸೊಂಟ ಏರಲು ಆಡಬೇಕಾದ ಮಾತು ಅದೇ ಎಂದು ಅವನು ತಿಳಿದದ್ದು ನ್ಯಾಯವಾಗಿಯೇ ಇದೆ.

ಕನ್ನಡದಲ್ಲಿ ‘ನಾನು’, ‘ನೀನು’ ಎಂದು ಬಿಡಿಸಿ ಹೇಳಲೇಬೇಕೆಂದಿಲ್ಲ. ಕ್ರಿಯಾಪದದ ಬಾಲವೇ ಯಾರು ಎಂಬುದನ್ನು ಹೇಳಿಬಿಡುತ್ತದೆ. ನಮ್ಮವನು ಆ ಬಾಲವನ್ನೇ ಅದಲುಬದಲು ಮಾಡುತ್ತಾನೆ. ಮನೆಯೊಳಗೆ ಚಲಾವಣೆಯಲ್ಲಿರುವ ಈ ವ್ಯಾಕರಣ ಹೊಸ್ತಿಲು ದಾಟಿದರೆ ಕೆಲಸಕ್ಕೆ ಬರುವುದಿಲ್ಲ. ಹೋದ ತಿಂಗಳು ಎದುರು ಮನೆಯವರು ಕೋಡುಬಳೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ ಇವನು ‘ಕೊಡ್ತೀನಿ, ಕೊಡ್ತೀನಿ’ ಎಂದು ಕುಣಿದ. ಮಗು ಏನೋ ಕೊಡುತ್ತಿದೆಯೆಂದು ನಂಬಿದ ಆಕೆ, ಪಾಪ, ತಟ್ಟೆಯನ್ನು ಬದಿಗಿಟ್ಟು ಅಂಗೈ ಚಾಚಿದರು. ಆ ಬರಿಗೈಯನ್ನು ಒಮ್ಮೆ, ದೂರ ಹೋದ ತಟ್ಟೆಯನ್ನು ಒಮ್ಮೆ ನೋಡಿದ ಇವನ ಕೆಳದುಟಿ ಮೊದಲು ನಡುಗಿತು, ಆಮೇಲೆ ಮೈಯೆಲ್ಲ ಬಿಲ್ಲಿನಂತೆ ಬಾಗಿ ನೆಲಕ್ಕೆ ಬಿತ್ತು. ‘ಬಹಳ ಹಟ ಅಲ್ವಾ?’ ಎಂದರು ಆಕೆ. ನಾವು ಹಟವೆನ್ನುವುದರಲ್ಲಿ ಅರ್ಧದಷ್ಟು, ಹೇಳಿದ್ದು ಎದುರಿನವರಿಗೆ ತಲುಪದೆ ಹೋದ ಸಂಕಟ ಎಂದು ನನಗೆ ಅನ್ನಿಸಿದ್ದು ಅಂದೇ.

ಉಳಿದರ್ಧ ಹಟವೇ, ಅದರಲ್ಲಿ ಅನುಮಾನವಿಲ್ಲ. ಧಾರವಾಡದ ನಮ್ಮ ಅತ್ತೆ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹುರಿದು ಬೀಸಿ, ಬಟ್ಟೆಯಲ್ಲಿ ಸೋಸಿ ಹಿಟ್ಟು ಮಾಡಿಡುತ್ತಾರೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆಯೆಂಬ ವಿಷಯ ಅವನಿಗೆ ಸಂಬಂಧವಿಲ್ಲದ್ದು. ‘ಲಾಗಿ ಬೇಡ’ ಎಂದು ನನಗೆ, ‘ಲಾಗಿ ಬ್ಯಾಡ’ ಎಂದು ಅಜ್ಜಿಗೆ, ಹೀಗೆ ಅವರವರ ಸೀಮೆಯ ಕನ್ನಡದಲ್ಲಿ ನಿರಾಕರಿಸುತ್ತಾನೆ. ರಕಾರ ಇನ್ನೂ ನಾಲಿಗೆಗೆ ಹತ್ತಿಲ್ಲ. ಒಂದು ಚಮಚ ಒಳಗೆ ಹೋದರೂ ಅದನ್ನು ನುಂಗದೆ ಕೆನ್ನೆಯಲ್ಲಿಟ್ಟುಕೊಂಡು ಹತ್ತು ನಿಮಿಷ ಮನೆಯೆಲ್ಲ ಸುತ್ತಿ, ನಾನು ಕಚೇರಿಗೆ ಹೊರಡಲು ಉಡುಪು ಬದಲಿಸಿದ ಮೇಲೆಯೇ ನನ್ನ ಹೆಗಲಿನ ಮೇಲೆ ಉಗುಳುತ್ತಾನೆ. ಅಂಥ ಬೆಳಿಗ್ಗೆಗಳಲ್ಲಿ ಮೊಬೈಲ್ ಕೈಗೆ ಕೊಟ್ಟು ಉಣಿಸಿದ್ದೂ ಉಂಟು. ಎರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವುದು ನನಗೆ ಗೊತ್ತು. ಆದರೆ ಗಂಟೆಯ ಲೆಕ್ಕಕ್ಕಿಂತ ನನ್ನನ್ನು ಹೆಚ್ಚು ಚುಚ್ಚುವುದು, ಅಷ್ಟು ಹೊತ್ತೂ ಅವನು ಒಂದು ಮಾತನ್ನೂ ಆಡುವುದಿಲ್ಲ ಎಂಬುದು.

ದಡಾರ-ರುಬೆಲ್ಲಾ ಲಸಿಕೆಯ ಎರಡನೆಯ ಡೋಸ್ ಹಾಕಿಸಲು ಲಸಿಕೆಗಳ ವಿವರ ಬರೆದಿಡುವ ‘ತಾಯಿ ಕಾರ್ಡ್’ ಹಿಡಿದು ಹೋದಾಗ, ಎರಡು ವರ್ಷದ ಹೊತ್ತಿಗೆ ಎರಡು ಪದ ಜೋಡಿಸಿ ಆಡುತ್ತಾನೆಯೇ ಎಂದು ಗಮನಿಸುವಂತೆ ವೈದ್ಯರು ಹೇಳಿದ್ದರು. ಅಂದಿನಿಂದ ಅಡುಗೆಮನೆಯ ಕ್ಯಾಲೆಂಡರಿನ ಖಾಲಿ ಜಾಗಗಳಲ್ಲಿ ಅವನ ಮಾತುಗಳನ್ನು ಬರೆಯುತ್ತ ಬಂದಿದ್ದೇನೆ. ಮೊದಲನೆಯ ಜೋಡಿ ‘ಅಪ್ಪ ಇಲ್ಲ’. ಎರಡನೆಯದು ‘ಮಮ್ಮು ಸಾಕು’. ಹಾಲಿನ ಲೆಕ್ಕಕ್ಕೆ ಈಗ ಅಲ್ಲಿ ಜಾಗವಿಲ್ಲ.

ಮೊನ್ನೆ ನಡುರಾತ್ರಿ ಹಾಸಿಗೆಯಲ್ಲಿ ಎದ್ದು ಕುಳಿತವನು, ಕತ್ತಲಲ್ಲಿ ಬಹಳ ಸ್ಪಷ್ಟವಾಗಿ, ‘ನೀಲು ಕುಡೀತೀಯಾ?’ ಎಂದು ಕೇಳಿದ. ಅರೆನಿದ್ದೆಯಲ್ಲಿದ್ದ ನನ್ನ ಗಂಡ ‘ಬೇಡಪ್ಪ, ನೀನು ಮಲಕ್ಕೋ’ ಎಂದು ಮಗ್ಗುಲು ಬದಲಿಸಿದರು. ಕೆಳದುಟಿ ನಡುಗುವ ಮೊದಲೇ ತಲುಪಬೇಕೆಂದು ನಾನು ಕತ್ತಲಲ್ಲಿ ಲೋಟಕ್ಕಾಗಿ ತಡಕಾಡಿದೆ.