ಕುದುರೆ ಮೇಲಿನ ರಾಜ ಅಂದರೆ ಯಾವ ರಾಜ?

ಹೋದ ಬೇಸಿಗೆಯಲ್ಲಿ ಸೋದರಮಾವ ಲಂಡನ್ನಿಗೆ ಬಂದಿದ್ದರು. "ಟ್ರಫಾಲ್ಗರ್ ಚೌಕದಲ್ಲಿ ಕುದುರೆ ಮೇಲೆ ಒಬ್ಬ ರಾಜ ಇದ್ದಾನೆ, ಅವನ ಹತ್ತಿರ ನಿಂತಿರಿ, ಆಫೀಸು ಮುಗಿಸಿ ಬರ್ತೀನಿ" ಎಂದಿದ್ದೆ. ಅರ್ಧ ಗಂಟೆ ನಾನೊಂದು ಕುದುರೆ ಹತ್ತಿರ, ಅವರೊಂದು ಕುದುರೆ ಹತ್ತಿರ. ತಪ್ಪು ನನ್ನದೇ. ಅಲ್ಲಿ ಇಬ್ಬರು ರಾಜರಿದ್ದಾರೆ.

ಮಾವ ನಿಂತಿದ್ದು ನಾಲ್ಕನೇ ಜಾರ್ಜ್ ಹತ್ತಿರ. "ಈ ಮಹಾರಾಯನಿಗೆ ಜೀನೂ ಇಲ್ಲ, ರಿಕಾಬೂ ಇಲ್ಲ, ಜಾರಿ ಬೀಳಲ್ವಾ?" ಅಂದರು. ಶಿಲ್ಪಿ ಚಾಂಟ್ರಿ ಇದನ್ನು ಮಾಡಿದ್ದು ಮಾರ್ಬಲ್ ಆರ್ಚ್ ಕಮಾನಿನ ನೆತ್ತಿಗೆ. ಅಲ್ಲಿಗೆ ಏರಲೇ ಇಲ್ಲ. ಸದ್ಯಕ್ಕೆ ಇಲ್ಲಿರಲಿ ಎಂದು 1843ರಲ್ಲಿ ತಂದಿಟ್ಟರು, ಇನ್ನೂ ಇಲ್ಲೇ ಇದೆ. ಪಕ್ಕದ ಮೂಲೆಯ ಪೀಠ ಅವನ ತಮ್ಮ ನಾಲ್ಕನೇ ವಿಲಿಯಂನ ಕುದುರೆಗೆಂದು ಕಟ್ಟಿದ್ದು. ದುಡ್ಡು ಸಾಲದೆ ನೂರೈವತ್ತು ವರ್ಷ ಖಾಲಿ ಬಿತ್ತು!

ನಾನು ಕಾದಿದ್ದು ದಕ್ಷಿಣಕ್ಕೆ, ಬಸ್ಸುಗಳ ಸುಳಿಯ ನಡುವೆ ನಿಂತ ಮೊದಲನೇ ಚಾರ್ಲ್ಸ್ ಎದುರು. ನನಗೆ ಇವನೇ ಇಷ್ಟ. ರಾಜನಿಗಾಗಿ ಅಲ್ಲ, ಅವನ ವಿಗ್ರಹ ಉಳಿಸಿದ ಕಂಚುಗಾರನಿಗಾಗಿ.

ಫ್ರೆಂಚ್ ಶಿಲ್ಪಿ ಲ ಸ್ಯೂರ್ ಇದನ್ನು 1633ರಲ್ಲಿ ಎರಕ ಹೊಯ್ದ. ಮಾಡಿಸಿದ್ದು ಖಜಾನೆಯ ಮಂತ್ರಿ, ತನ್ನ ತೋಟಕ್ಕೆ. ಕರಾರು 600 ಪೌಂಡಿಗೆ. ರಾಜ ಪೂರಾ ಆರಡಿ ಇರಬೇಕು ಅಂತ ಅದರಲ್ಲೇ ಬರೆದಿತ್ತು. ಪಾಪ, ಚಾರ್ಲ್ಸ್ ಗಿಡ್ಡ ಆಸಾಮಿ! ಆಮೇಲೆ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧವಾಗಿ, 1649ರ ಜನವರಿ 30ರಂದು ಅವನ ತಲೆ ಕಡಿದರು. ವಿಗ್ರಹ ಗುಜರಿಗೆ ಹೋಯಿತು. ಒಡೆದು ಕರಗಿಸು ಎಂದು ಕೊಟ್ಟಿದ್ದು ಜಾನ್ ರಿವೆಟ್ ಎಂಬ ಕಂಚುಗಾರನಿಗೆ.

ಅವನು ಒಡೆಯಲಿಲ್ಲ. ಮಣ್ಣಲ್ಲಿ ಹೂತಿಟ್ಟ. ಜನ ನಂಬಲಿ ಅಂತ ಒಂದಷ್ಟು ಹಿತ್ತಾಳೆ ಚೂರು ತೋರಿಸಿ, "ಇದೇ ರಾಜನ ಲೋಹ" ಎಂದು ಚಾಕು ಹಿಡಿ, ಸಣ್ಣಪುಟ್ಟ ಸಾಮಾನು ಮಾಡಿ ಮಾರಿದ ಅಂತ ಕಥೆ. ರಾಜನ ಕಡೆಯವರು ನೆನಪಿಗೆ ಕೊಂಡರಂತೆ, ವಿರೋಧಿಗಳು ಗೆದ್ದ ಖುಷಿಗೆ. ವ್ಯಾಪಾರ ಅಂದರೆ ಹಾಗಿರಬೇಕು ಅಲ್ವಾ! 1660ರಲ್ಲಿ ಮಗ ಎರಡನೇ ಚಾರ್ಲ್ಸ್ ಪಟ್ಟಕ್ಕೆ ಬಂದಾಗ ಕುದುರೆಯೂ ಆಚೆ ಬಂತು. 1675ರಲ್ಲಿ ಇಲ್ಲಿ ನಿಲ್ಲಿಸಿದರು. ಅಪ್ಪನನ್ನು ಕೊಲ್ಲಿಸಿದವರಲ್ಲಿ ಕೆಲವರನ್ನು ಮಗ ಕೊಲ್ಲಿಸಿದ್ದೂ ಇದೇ ಜಾಗದಲ್ಲಿ. ಲಂಡನ್ನಿಗೆ ಇಷ್ಟು ಮೈಲಿ ಅಂತ ಅಳೆಯುವುದೂ ಇಲ್ಲಿಗೇ.

ಮಾವ ಕುದುರೆಯ ಎತ್ತಿದ ಮುಂಗಾಲು ನೋಡಿದರು. "ಒಂದು ಕಾಲು ಎತ್ತಿದ್ದರೆ ಯುದ್ಧದ ಗಾಯದಿಂದ ಸತ್ತ ಅಂತರ್ಥ" ಎಂದರು. ವಾಟ್ಸಾಪಿನ ಜ್ಞಾನ. "ಇವನ ತಲೆ ಕಡಿದಿದ್ದು, ಮಾವ" ಅಂದೆ. ಸುಮ್ಮನಾದರು.

ರಾಜ ನೋಡುತ್ತಿರುವ ದಿಕ್ಕಿಗೇ ವೈಟ್‌ಹಾಲ್ ರಸ್ತೆಯಲ್ಲಿ ನಡೆದೆವು. ಎಡಕ್ಕೆ ಬ್ಯಾಂಕ್ವೆಟಿಂಗ್ ಹೌಸ್, ಹಳೆಯ ಅರಮನೆಯ ಔತಣದ ಮನೆ. ತಲೆ ಹೋಗಿದ್ದು ಅದರ ಮುಂದೆ. ವಿಗ್ರಹದ ಕಣ್ಣು ಸದಾ ಆ ಕಡೆಗೇ.

ರಸ್ತೆಯ ಕೊನೆಗೆ ಪಾರ್ಲಿಮೆಂಟ್. ಹೊರಗೆ ಕತ್ತಿ ಎತ್ತಿ ಕುದುರೆ ಮೇಲೆ ಕುಳಿತವನು ಒಂದನೇ ರಿಚರ್ಡ್. 1940ರ ಬಾಂಬಿಗೆ ಆ ಕತ್ತಿ ಬಾಗಿತ್ತು. ಮಾಡಿದವನು ಮರೊಕೆಟ್ಟಿ. ಬೆಂಗಳೂರಿನ ಮಾರ್ಕ್ ಕಬ್ಬನ್ ಕುದುರೆಯೂ ಅವನದೇ ಕೈಕೆಲಸ ಎಂದೆ. ಮಾವನ ಮುಖ ಅರಳಿತು. ಹೈಕೋರ್ಟಿನಲ್ಲಿ ಗುಮಾಸ್ತರಾಗಿದ್ದಷ್ಟೂ ವರ್ಷ ದಿನಾ ಕಂಡ ಕುದುರೆ ಅದು. 2020ರಲ್ಲಿ ಅದನ್ನು ಕಬ್ಬನ್ ಪಾರ್ಕಿಗೆ ಸಾಗಿಸಿದ್ದಕ್ಕೆ ಅವರಿಗೆ ಇನ್ನೂ ಬೇಜಾರು.

"ತಡಿ, ಬಾಲದ ಕಡೆಯಿಂದ ಒಂದು ಫೋಟೋ ತೆಗಿ" ಎಂದರು. "ನಮ್ಮ ಸೆಕ್ಷನ್ ಕಿಟಕಿಯಿಂದ ಕಬ್ಬನ್ ಹಿಂಗೇ ಕಾಣ್ತಿದ್ದ."