ಬೆರಳಿನ ಕಡೆಗೆ ತಿರುಗಿದ ಪೈಪು

ರಾಯಚೂರಿನಲ್ಲಿ ಸ್ಥಿರವಿದ್ಯುತ್ತಿನ ಪಾಠಕ್ಕೆ ಜನವರಿಯೇ ಸರಿ. ಗಾಳಿ ಒಣಗಿರುತ್ತದೆ, ಉಜ್ಜಿದ ವಸ್ತುವಿನ ವಿದ್ಯುದಾವೇಶ ಬೇಗ ಸೋರಿಹೋಗುವುದಿಲ್ಲ. ಬಾಚಣಿಗೆಯ ಪ್ರಯೋಗ ಮಾತ್ರ ನಮ್ಮ ಶಾಲೆಯಲ್ಲಿ ನಡೆಯದು; ಮಕ್ಕಳು ತಲೆಗೆ ಎಣ್ಣೆ ಹಚ್ಚಿಕೊಂಡೇ ಬರುತ್ತಾರೆ. ಈ ಸಲ ಕುರಿ ಸಾಕುವ ಮನೆಯ ಹುಡುಗನೊಬ್ಬ ಅಜ್ಜನ ಕರಿ ಕಂಬಳಿ ತಂದ. ಒಂದೊಂದು ಮೊಳ ಉದ್ದದ ಎರಡು ಪಿವಿಸಿ ಪೈಪಿನ ತುಂಡುಗಳು ನನ್ನ ಬಳಿ ಇದ್ದವು.

ಒಂದು ಪೈಪನ್ನು ಕಂಬಳಿಯಿಂದ ಉಜ್ಜಿ, ನಡುವಿಗೆ ದಾರ ಕಟ್ಟಿ ಕಿಟಕಿಯ ಸರಳಿಗೆ ತೂಗುಬಿಟ್ಟೆ. ಇನ್ನೊಂದನ್ನೂ ಉಜ್ಜಿ ಹತ್ತಿರ ಹಿಡಿದಾಗ ತೂಗುವ ಪೈಪು ಮುಖ ತಿರುಗಿಸಿಕೊಂಡು ದೂರ ಹೋಯಿತು. ಕಂಬಳಿಯನ್ನೇ ಹಿಡಿದಾಗ ಅದರತ್ತ ಬಂತು. ಸಜಾತೀಯ ಆವೇಶಗಳ ನಡುವೆ ವಿಕರ್ಷಣೆ, ವಿಜಾತೀಯ ಆವೇಶಗಳ ನಡುವೆ ಆಕರ್ಷಣೆ ಎಂದು ಹಲಗೆಯ ಮೇಲೆ ಬರೆಯಲು ತಿರುಗಿದೆ.

ಅಷ್ಟರಲ್ಲಿ ಮೂರನೆಯ ಬೆಂಚಿನ ಹುಡುಗಿ ಎದ್ದು ಬಂದು ತನ್ನ ತೋರುಬೆರಳನ್ನು ಪೈಪಿನ ತುದಿಗೆ ಹಿಡಿದಳು. ಪೈಪು ಬೆರಳಿನ ಕಡೆಗೂ ಬಂತು. “ಟೀಚರ್, ನನ್ನ ಬೆರಳನ್ನು ಯಾರೂ ಉಜ್ಜಿಲ್ಲವಲ್ಲ?”

ಹನ್ನೊಂದು ವರ್ಷ ಈ ಪಾಠ ಮಾಡಿದ್ದೇನೆ. ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಬಂದಿಲ್ಲ. ಅರ್ಧ ಗಂಟೆ ಅದರಲ್ಲೇ ಕಳೆದೆವು.

ಕಂಬಳಿಯಿಂದ ಉಜ್ಜಿದ ಪಿವಿಸಿ ಪೈಪಿನಲ್ಲಿ ಎಲೆಕ್ಟ್ರಾನುಗಳು ಹೆಚ್ಚಾಗಿ ಅದು ಋಣವಾಗಿರುತ್ತದೆ. ಅದು ಬೆರಳಿನ ತುದಿಯಲ್ಲಿರುವ ಋಣ ಆವೇಶವನ್ನು ಹಿಂದಕ್ಕೆ ತಳ್ಳುತ್ತದೆ, ಧನವನ್ನು ತನ್ನ ಕಡೆಗೆ ಸೆಳೆಯುತ್ತದೆ. ಹಾಗಿದ್ದರೆ ಸೆಳೆತ ಮತ್ತು ತಳ್ಳಾಟ ಸಮವಾಗಿ ಏನೂ ನಡೆಯಬಾರದಲ್ಲವೇ? ಇಲ್ಲಿಯೇ ಫ್ರೆಂಚ್ ವಿಜ್ಞಾನಿ ಕೂಲಾಂ 1785ರಲ್ಲಿ ತಿರುಚು ತಕ್ಕಡಿಯಿಂದ ಅಳೆದು ತೋರಿಸಿದ ನಿಯಮ ಬೇಕಾಗುವುದು. ಅಂತರ ಎರಡರಷ್ಟಾದರೆ ಬಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೂರರಷ್ಟಾದರೆ ಒಂಬತ್ತನೇ ಒಂದಕ್ಕೆ. ಧನ ಹತ್ತಿರವಿದೆ, ಋಣ ದೂರ ಸರಿದಿದೆ. ಆದ್ದರಿಂದ ಸೆಳೆತವೇ ಗೆಲ್ಲುತ್ತದೆ. ಕಾಗದದ ಚೂರು ಹಾರಿ ಬಂದು ಅಂಟುವುದಕ್ಕೂ ಹೆಚ್ಚುಕಡಿಮೆ ಇದೇ ಕಾರಣ, ಅಲ್ಲಿ ಆವೇಶಗಳು ಅಣುಗಳೊಳಗೇ ತುಸು ಸರಿಯುತ್ತವೆ, ಅಷ್ಟೇ.

ಆ ಹುಡುಗಿಯ ತಂದೆ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುತ್ತಾರೆ. ಕಲ್ಲಿದ್ದಲಿನ ಹೊಗೆಯಿಂದ ಹಾರುಬೂದಿಯನ್ನು ಹಿಡಿಯುವಾಗ ಮೊದಲು ಬೂದಿಯ ಕಣಗಳಿಗೆ ಋಣ ಆವೇಶ ಕೊಟ್ಟು, ಆಮೇಲೆ ಲೋಹದ ಫಲಕಗಳತ್ತ ಸೆಳೆಯುತ್ತಾರೆ ಎಂದು ಹೇಳಿದೆ. ಆವೇಶವಿಲ್ಲದ ಕಣದ ಮೇಲಿನ ಸೆಳೆತ ಆ ಕೆಲಸಕ್ಕೆ ಸಾಲದು. ಫಲಕಗಳನ್ನು ಸುತ್ತಿಗೆಯಿಂದ ಬಡಿದು ಬೂದಿಯನ್ನು ಕೆಳಗೆ ಬೀಳಿಸುತ್ತಾರೆ ಎಂದಾಗ, ಅಪ್ಪನನ್ನು ಕೇಳುತ್ತೇನೆ ಎಂದಳು.

ಗಂಟೆ ಹೊಡೆದ ಮೇಲೂ ಅವಳು ಹೋಗಲಿಲ್ಲ. “ಬೆರಳಿಗೂ ಪೈಪು ಬರುತ್ತದೆ, ಕಂಬಳಿಗೂ ಬರುತ್ತದೆ. ಹಾಗಾದರೆ ಕಂಬಳಿಯಲ್ಲಿ ಆವೇಶವಿದೆ ಎಂದು ನಮಗೆ ಹೇಗೆ ಗೊತ್ತು ಟೀಚರ್?”

ಆಕರ್ಷಣೆಯಿಂದ ಗೊತ್ತಾಗುವುದಿಲ್ಲ. ಕಂಬಳಿ ಯಾವುದನ್ನಾದರೂ ತಳ್ಳಿ ತೋರಿಸಬೇಕು. ರೇಷ್ಮೆಯಿಂದ ಉಜ್ಜಿದ ಗಾಜು ಧನವಾಗುತ್ತದೆ. ಅದನ್ನು ತೂಗುಬಿಟ್ಟು ಕಂಬಳಿ ಹಿಡಿದು, ಗಾಜು ದೂರ ಸರಿಯುತ್ತದೆಯೇ ಎಂದು ನೋಡಬೇಕು. ಗಾಜಿನ ಕಡ್ಡಿ ಶಾಲೆಯ ಬೀರುವಿನಲ್ಲಿದೆ, ರೇಷ್ಮೆಯ ತುಂಡನ್ನು ಮನೆಯಿಂದ ಒಯ್ಯುತ್ತೇನೆ. ರಾತ್ರಿಯ ಚಳಿಗೆ ಬೇಕೆಂದು ಕಂಬಳಿಯನ್ನು ಅಜ್ಜ ಸಂಜೆಯೇ ಕೇಳಿ ಕಳುಹಿಸಿದ್ದರು. ಶನಿವಾರ ಇನ್ನೊಮ್ಮೆ ಕೊಡುವಂತೆ ಹುಡುಗನ ಕೈಯಲ್ಲಿ ಚೀಟಿ ಬರೆದು ಕಳುಹಿಸಿದ್ದೇನೆ.